ಒಂದು ತಾರೀಖು

ನನ್ನ ಅಧ್ಯಾಪಕ ವೃತ್ತಿಯ ಮೊದಲ ವರ್ಷಗಳು ಕಳೆದದ್ದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಸಮೀಪದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ. ಶಾಲೆಯ ಹಿಂದಿನ ದಿಣ್ಣೆಯನ್ನು ಹತ್ತಿದರೆ ಟಿಬೆಟಿನವರ ಮುಸುಕಿನ ಜೋಳದ ಹೊಲಗಳೂ ಗಾಳಿಗೆ ಪಟಪಟಿಸುವ ಪ್ರಾರ್ಥನೆಯ ಬಾವುಟಗಳೂ ಕಾಣುತ್ತಿದ್ದವು. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದಾಗ ಅವರ ಹಿಂದೆಯೇ ಹಿಮಾಲಯವನ್ನು ದಾಟಿ ಬಂದ ಜನರಿಗೆ ಅಂದಿನ ಮೈಸೂರು ಸರ್ಕಾರವು ಇಲ್ಲಿ ಸುಮಾರು 3000 ಎಕರೆ ಭೂಮಿಯನ್ನು ನೀಡಿತು. ಅವರು ಕಾಡನ್ನು ಕಡಿದು ಹೊಲ ಮಾಡಿದರು.

ಆ ವಸಾಹತಿನ ರೈತರೊಬ್ಬರು ನನಗೆ ಸ್ನೇಹಿತರಾದರು. ವರ್ಷಕ್ಕೊಮ್ಮೆ ತಪ್ಪದೆ ಬಂದು, ಅಂಗಿಯೊಳಗಿನಿಂದ ಒಂದು ಬಟ್ಟೆಯ ಗಂಟನ್ನು ತೆಗೆದು, ನಿಧಾನವಾಗಿ ಬಿಚ್ಚಿ, ಪುಟ್ಟ ಪುಸ್ತಕವೊಂದನ್ನು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಅದು ವಿದೇಶೀಯರ ನೋಂದಣಿ ಪತ್ರ. ಅವರ ಬಾಯಲ್ಲಿ ‘ಆರ್.ಸಿ.’ ಅವಧಿ ಮುಗಿಯುವ ಮೊದಲೇ ಅದನ್ನು ನವೀಕರಿಸಿಕೊಳ್ಳದಿದ್ದರೆ ಈ ನೆಲದಲ್ಲಿ ನಿಲ್ಲುವ ಹಕ್ಕೇ ಇಲ್ಲದಂತಾಗುತ್ತದೆ. “ಮೇಷ್ಟ್ರೇ, ಬರೆಯಿರಿ” ಎನ್ನುವರು. ನಾನು ಅರ್ಜಿಯನ್ನು ತುಂಬುವೆನು. ಮನೆತನದ ಹೆಸರು ಎಂಬ ಅಂಕಣಕ್ಕೆ ಬಂದಾಗ ನಾವಿಬ್ಬರೂ ಮುಖಮುಖ ನೋಡಿಕೊಳ್ಳುತ್ತಿದ್ದೆವು. ಅವರಿಗೆ ಮನೆತನದ ಹೆಸರಿಲ್ಲ. ಅಡ್ಡಗೆರೆ ಎಳೆದರೆ ಗುಮಾಸ್ತರು ಒಪ್ಪರು. ಹೊರದೇಶಕ್ಕೆ ಹೋಗಬೇಕಾದರೆ ಇವರಿಗಿದ್ದುದು ಪಾಸ್‌ಪೋರ್ಟ್ ಅಲ್ಲ, ಹಳದಿ ರಟ್ಟಿನ ಗುರುತಿನ ಪುಸ್ತಕ. ಹೋಗುವುದಕ್ಕೊಂದು ಅನುಮತಿ, ಹಿಂದಿರುಗಿ ಬರುವುದಕ್ಕೆ ಇನ್ನೊಂದು. ತಮ್ಮ ಮನೆಗೆ ಮರಳಲು ಮುಂಚಿತವಾಗಿ ಅಪ್ಪಣೆ ಪಡೆಯುವ ಅವಸ್ಥೆ ನಮ್ಮಲ್ಲಿ ಯಾರಿಗುಂಟು?

1993ರ ಜೂನ್ ತಿಂಗಳಲ್ಲಿ ಅವರು ಮಗಳ ಕೈಹಿಡಿದುಕೊಂಡು ಶಾಲೆಗೆ ಬಂದರು. ಅವರ ಮಕ್ಕಳು ಸಾಮಾನ್ಯವಾಗಿ ತಮ್ಮವರ ಶಾಲೆಗೇ ಹೋಗುವರು. ಇವರು ಮಾತ್ರ, “ಸಂತೆಯಲ್ಲಿ ನಾನು ಮೋಸಹೋದಂತೆ ಇವಳು ಮೋಸಹೋಗಬಾರದು, ಕನ್ನಡ ಕಲಿಯಲಿ” ಎಂದರು. ನಾನು ದಾಖಲಾತಿ ಪುಸ್ತಕವನ್ನು ತೆರೆದು ಹುಟ್ಟಿದ ದಿನವನ್ನು ಕೇಳಿದೆ.

“ಬೆಂಕಿ-ಮೊಲದ ವರ್ಷ, ನಾಲ್ಕನೆಯ ತಿಂಗಳು, ಸೋಮವಾರ” ಎಂದರು. ಅವರಲ್ಲಿ ಹುಟ್ಟಿದ ವಾರದ ಹೆಸರನ್ನೇ ಮಗುವಿಗೆ ಇಡುವ ರೂಢಿಯುಂಟು. ಸೋಮವಾರಕ್ಕೆ ಚಂದ್ರನ ಹೆಸರು. ಈ ಹುಡುಗಿಗೂ ಅದೇ ಹೆಸರು. ವರ್ಷವು 1987 ಎಂದು ಲೆಕ್ಕ ಹಾಕಿದೆ. “ಇಂಗ್ಲಿಷ್ ತಿಂಗಳು ಯಾವುದು?” ಎಂದೆ. ಅವರಿಗೆ ತಿಳಿಯದು. “ಮಳೆ ಬರುತ್ತಿತ್ತು, ಮೇಷ್ಟ್ರೇ” ಎಂದರು. ಬಾಗಿಲಲ್ಲಿ ಇನ್ನೂ ಹತ್ತು ಮಂದಿ ನಿಂತಿದ್ದರು. ಮಳೆಯೆಂದರೆ ಜುಲೈ ಇರಬೇಕೆಂದು ನಾನು 10-7-1987 ಎಂದು ಬರೆದು ಮುಂದಿನವರನ್ನು ಕರೆದೆ. ಆ ಕಾಲದ ಅಧ್ಯಾಪಕರು ಎಷ್ಟು ಮಕ್ಕಳಿಗೆ ಹೀಗೆ ಜನ್ಮದಿನವನ್ನು ದಯಪಾಲಿಸಿದ್ದೇವೋ!

ಹುಡುಗಿ ಜಾಣೆ, ಅವಳ ಅಕ್ಷರ ದುಂಡಗಿತ್ತು. ಮುಂದೆ ಓದಿ ದಾದಿಯಾದಳು. ನನಗೆ ಬೇರೆಡೆಗೆ ವರ್ಗವಾಯಿತು, ನಿವೃತ್ತಿಯೂ ಆಯಿತು. 2018ರಲ್ಲಿ ಒಂದು ದಿನ ಅವಳು ನನ್ನ ಮನೆಯ ಬಾಗಿಲಿಗೆ ಬಂದಳು. ತಂದೆ ತೀರಿಕೊಂಡಿದ್ದರು. ಬಟ್ಟೆಯ ಗಂಟು ಮಾತ್ರ ಅದೇ.

ಅವಳು ಹೇಳಿದ ಮೇಲೆಯೇ ನನಗೆ ಸಂಗತಿ ತಿಳಿದದ್ದು. 1950ರ ಜನವರಿ 26ರಿಂದ ಮೊದಲ್ಗೊಂಡು 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು, ರಾಯಭಾರಿಗಳ ಮಕ್ಕಳಂತಹ ಕೆಲವರನ್ನು ಬಿಟ್ಟರೆ, ತಂದೆತಾಯಿ ಯಾವ ದೇಶದವರೇ ಆಗಿರಲಿ, ಹುಟ್ಟಿನಿಂದಲೇ ಭಾರತದ ಪೌರರು ಎಂದು ನಮ್ಮ ಪೌರತ್ವದ ಕಾಯಿದೆ ಹೇಳುತ್ತದೆ. ಟಿಬೆಟಿನವರಿಗೂ ಇದು ಅನ್ವಯಿಸುವುದೆಂದು 2010ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಜುಲೈ ಒಂದಕ್ಕೆ ಮೊದಲು! ನನ್ನ ಲೇಖನಿ ಅವಳನ್ನು ಗಡಿಯಿಂದ ಒಂಬತ್ತು ದಿನ ಆಚೆಗೆ ತಳ್ಳಿತ್ತು. ಅವಳು ಹುಟ್ಟಿದ್ದು ಮನೆಯಲ್ಲಿ, ಜನನದ ನೋಂದಣಿಯಾಗಿರಲಿಲ್ಲ. ಶಾಲೆಯ ಪುಸ್ತಕವನ್ನು ನೋಡಿ ನೋಂದಣಿ ಪತ್ರ, ಅದನ್ನು ನೋಡಿ ಉಳಿದ ಕಾಗದಗಳು.

ಆ ರಾತ್ರಿ ಅಟ್ಟದಿಂದ ಹಳೆಯ ಪಂಚಾಂಗಗಳ ಕಟ್ಟನ್ನು ಇಳಿಸಿ, ಪ್ರಭವ ಸಂವತ್ಸರದ್ದನ್ನು ಹುಡುಕಿ ತೆಗೆದೆ. 1987ರ ಜುಲೈ ಹತ್ತು ಶುಕ್ರವಾರ! ಸೋಮವಾರದ ಹೆಸರು ಹೊತ್ತ ಮಗು ಶುಕ್ರವಾರ ಹೇಗೆ ಹುಟ್ಟೀತು? ಅವರ ನಾಲ್ಕನೆಯ ತಿಂಗಳು ನಮ್ಮ ಮೇ-ಜೂನ್‌ಗಳಲ್ಲಿ ಬರುವುದೆಂದೂ ಆಮೇಲೆ ತಿಳಿಯಿತು. ತಂದೆ ಸರಿಯಾಗಿಯೇ ಹೇಳಿದ್ದರು, ಕೇಳಿಸಿಕೊಳ್ಳಬೇಕಾದವನು ಅವಸರದಲ್ಲಿದ್ದೆ. ಮರುದಿನ ಉತ್ಸಾಹದಿಂದ ಕಚೇರಿಗೆ ಹೋದೆ. ಅಧಿಕಾರಿಗಳು ಸಹನೆಯಿಂದ ಕೇಳಿ, “ಸ್ವಾಮಿ, ಹೆಸರು ದಾಖಲೆಯಾಗುವುದಿಲ್ಲ. ನ್ಯಾಯಾಲಯದ ಆದೇಶ ತನ್ನಿ” ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ದಾವೆ ಹೂಡಿದ್ದಾಯಿತು. ಅದು ಇನ್ನೂ ನಡೆಯುತ್ತಿದೆ. 1939ರ ಮತ್ತು 1946ರ ಹಳೆಯ ಕಾಯಿದೆಗಳು ಹೋಗಿ 2025ರಲ್ಲಿ ವಿದೇಶೀಯರಿಗೆ ಹೊಸ ಕಾಯಿದೆಯೂ ಬಂದಿತು. ಮೊನ್ನೆ ಅವಳ ನೋಂದಣಿ ಪತ್ರದ ನವೀಕರಣಕ್ಕೆ ನಾನೂ ಜೊತೆಗೆ ಕುಳಿತೆ. ಅರ್ಜಿ ಬರೆಯಲು ಅವಳಿಗೆ ನನ್ನ ಸಹಾಯ ಬೇಕಿಲ್ಲ. ಜನ್ಮದಿನಾಂಕದ ಅಂಕಣದಲ್ಲಿ ಅವಳ ಕೈ ಕ್ಷಣಕಾಲ ನಿಂತಿತು.

“ಪುಸ್ತಕದಲ್ಲಿರುವುದನ್ನೇ ಬರೆಯಬೇಕಲ್ಲವೇ, ಮೇಷ್ಟ್ರೇ?”

“ಹೌದಮ್ಮ” ಎಂದೆ.

ನಾನು ಕಲಿಸಿದ ದುಂಡಗಿನ ಅಂಕೆಗಳಲ್ಲಿ ಅವಳು 10-7-1987 ಎಂದು ಬರೆದಳು. ಮುಂದಿನ ತಿಂಗಳು ನಾನು ಸಾಕ್ಷಿ ಹೇಳಬೇಕಾಗಿದೆ. ಪಂಚಾಂಗವನ್ನು ಈಗಲೇ ಚೀಲದಲ್ಲಿ ಇಟ್ಟುಕೊಂಡಿದ್ದೇನೆ.