ತಟ್ಟೆಯಲ್ಲೊಂದು ಝೈತೂನ್

ಬಿಳಿ ತಟ್ಟೆಯ ನಡುವೆ ಒಂದೇ ಒಂದು ಝೈತೂನ್, ಬೀಜ ಸಮೇತ. ತಟ್ಟೆಯಲ್ಲಿ ಬೇರೇನೂ ಇಲ್ಲ. ಇಂಥದೊಂದು ಫೋಟೊ ನಿಮ್ಮ ಕೈಗೆ ಸಿಕ್ಕರೆ ಏನೆಂದುಕೊಳ್ಳುತ್ತೀರಿ? ಅದು ಒಬ್ಬ ಮನುಷ್ಯ ಗಲ್ಲಿಗೇರುವ ಮುನ್ನ ಕೇಳಿದ ಕೊನೆಯ ಊಟ. ಅವನ ಹೆಸರು ವಿಕ್ಟರ್ ಫೆಗರ್. ಒಬ್ಬ ವೈದ್ಯರನ್ನು ಅಪಹರಿಸಿ ಕೊಂದವನು. 1963ರ ಮಾರ್ಚ್‌ನಲ್ಲಿ ಅಮೆರಿಕದ ಅಯೋವಾದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಫೋಟೊ ಆ ದಿನದ್ದಲ್ಲ. 2011ರಲ್ಲಿ ಟೆಕ್ಸಾಸ್ ರಾಜ್ಯ ಕೈದಿಗಳಿಗೆ ಕೇಳಿದ ಕೊನೆಯ ಊಟ ಕೊಡುವ ಪದ್ಧತಿಯನ್ನು ನಿಲ್ಲಿಸಿತು. ಆ ಸುದ್ದಿ ಓದಿದ ಹೆನ್ರಿ ಹಾರ್ಗ್ರೀವ್ಸ್ ಎಂಬ ಛಾಯಾಗ್ರಾಹಕ, ಇಂಥ ಊಟಗಳನ್ನು ತಾನೇ ಮತ್ತೆ ಬಡಿಸಿ ಫೋಟೊ ತೆಗೆದ. ಅವುಗಳಲ್ಲಿ ಕೈದಿಯ ಮುಖವೂ ಇಲ್ಲ, ಕೈಕೋಳವೂ ಇಲ್ಲ.

ದಿನವೂ ತಟ್ಟೆ ತೊಳೆಯುವವರು ನಾವು. ಕರಿಬೇವನ್ನು ಅಂಚಿಗೆ ಸರಿಸಿಟ್ಟಿದ್ದರೆ ಅದು ಮನೆಯವರ ತಟ್ಟೆ, ರೊಟ್ಟಿಯ ಸುಟ್ಟ ತುದಿ ಉಳಿದಿದ್ದರೆ ಸಣ್ಣ ಮಗನದು. ಹೌದೋ ಅಲ್ಲವೋ ನೀವೇ ಹೇಳಿ. ಪತ್ರಿಕೆಯಲ್ಲಿ ಬರುವ ಆರೋಪಿಯ ಮುಖ ನಮಗೆ ಏನನ್ನೂ ಹೇಳುವುದಿಲ್ಲ, ಹೆದರಿಸುತ್ತದೆ ಅಷ್ಟೇ. ತಟ್ಟೆ ಹಾಗಲ್ಲ. ಅದನ್ನು ಓದಲು ನಮಗೆ ಬರುತ್ತದೆ. ಇವನಿಗೂ ಯಾರೋ ಒಬ್ಬಳು ತುತ್ತು ಮಾಡಿ ಉಣಿಸಿದ್ದಳು ಎಂಬುದು ನಮಗೆ ಬೇಡವೆಂದರೂ ಹೊಳೆಯುತ್ತದೆ.

ಆದರೆ ಅದೇ ಸರಣಿಯಲ್ಲಿ ಜಾನ್ ವೇಯ್ನ್ ಗೇಸಿಯ ಊಟವೂ ಇದೆ. ಹುರಿದ ಕೋಳಿ, ಸೀಗಡಿ, ಸ್ಟ್ರಾಬೆರಿ. 33 ಹುಡುಗರನ್ನು ಕೊಂದವನು ಅವನು. ಈ ವಿಷಯ ಹೇಳಿದಾಗ ಪಕ್ಕದ ಮನೆಯ ಆಪಾ ಸಿಟ್ಟಾದರು. “ಆ 33 ತಾಯಂದಿರು ಮುಚ್ಚಿಟ್ಟು ಕಾದ ಊಟದ ಫೋಟೊ ಯಾರು ತೆಗೆದರು?” ಎಂದರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಆ ತಟ್ಟೆಗಳನ್ನೂ ಇದರ ಪಕ್ಕದಲ್ಲೇ ಇಡಬೇಕಿತ್ತು. ಹಾಗೆಂದು ಈ ತಟ್ಟೆಯನ್ನು ಬೋರಲು ಹಾಕಲು ನನಗೆ ಮನಸ್ಸಿಲ್ಲ. ಕೊಂದವನು ರಾಕ್ಷಸನಲ್ಲ, ಮನುಷ್ಯನೇ ಎಂದರೆ ಅವನ ತಪ್ಪು ಹಗುರವಾಗುವುದಿಲ್ಲ, ಇನ್ನಷ್ಟು ಭಾರವಾಗುತ್ತದೆ.

ಇದೆಲ್ಲ ಅಮೆರಿಕದ ಮಾತಾಯಿತು. ರಾಯಬಾಗ ತಾಲೂಕಿನ ನಮ್ಮ ಅಲಖನೂರಿಗೆ ಜೈಲೆಂದರೆ ಬೆಳಗಾವಿಯ ಹಿಂಡಲಗಾ. ರಾಜ್ಯದ ಗಲ್ಲುಗಂಬ ಇರುವುದು ಅಲ್ಲೇ. ಅಲ್ಲಿದ್ದ ಉಮೇಶ್ ರೆಡ್ಡಿಯ ಅಪರಾಧ ಎಂಥದೆಂದು ನಿಮಗೆ ಗೊತ್ತು, ಇಲ್ಲಿ ಬರೆಯಲಾರೆ. ಆದರೂ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವನ ಗಲ್ಲನ್ನು ರದ್ದುಪಡಿಸಿ ಜೀವಾವಧಿ ಶಿಕ್ಷೆ ಕೊಟ್ಟಿತು. ಹತ್ತು ವರ್ಷ ಅವನನ್ನು ಒಂಟಿ ಕೋಣೆಯಲ್ಲಿಟ್ಟದ್ದು ಕಾನೂನಿಗೆ ವಿರುದ್ಧ ಎಂದಿತು. ಅಪರಾಧದ ಜೊತೆಗೆ ನ್ಯಾಯಾಲಯ ಆ ಕೋಣೆಯನ್ನೂ ನೋಡಿತು.

ಪಾಲಾರ್ ಸ್ಫೋಟದ ಪ್ರಕರಣದಲ್ಲಿ 2004ರಲ್ಲಿ ಗಲ್ಲು ಶಿಕ್ಷೆಯಾದ ವೀರಪ್ಪನ್‌ನ ನಾಲ್ವರು ಸಹಚರರೂ ಹಿಂಡಲಗಾದಲ್ಲಿದ್ದರು. ಅವರ ದಯಾ ಅರ್ಜಿ ಒಂಬತ್ತು ವರ್ಷ ಬಿದ್ದಿತ್ತು. 2013ರ ಫೆಬ್ರವರಿಯಲ್ಲಿ ಅದು ತಿರಸ್ಕೃತವಾದಾಗ ಪತ್ರಿಕೆಗಳು ಗಲ್ಲಿನ ಸುದ್ದಿಯನ್ನೇ ಬರೆದವು. 2014ರ ಜನವರಿ 21ರಂದು ಸುಪ್ರೀಂ ಕೋರ್ಟ್, ಇಷ್ಟು ವಿಳಂಬವಾದ ಕಾರಣಕ್ಕೆ ಅವರ ಗಲ್ಲನ್ನು ಜೀವಾವಧಿಗೆ ಇಳಿಸಿತು. ನಾಲ್ವರ ಮುಖಗಳನ್ನು ಆಗ ನಾವೆಲ್ಲ ನೋಡಿದ್ದೇವೆ. ಆ ಒಂಬತ್ತು ವರ್ಷ ಅವರು ಯಾವ ತಟ್ಟೆಯಲ್ಲಿ ಉಂಡರು, ಊರಿಂದ ಪತ್ರ ಬಂದರೆ ಎಲ್ಲಿ ಮಡಚಿಟ್ಟರು, ಬೆಳಗ್ಗೆ ಯಾವ ಲೋಟದಲ್ಲಿ ಚಹಾ ಕುಡಿದರು, ಅದರ ಒಂದೇ ಒಂದು ಚಿತ್ರವನ್ನೂ ನಾನು ನೋಡಿಲ್ಲ.