90 ಪರ್ಸೆಂಟ್ ಆಗಿದೆ ಮೇಡಂ!

ಏಳನೇ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ಸೇರಿ ಒಂದು ಪ್ರಾಜೆಕ್ಟ್ ಶುರು ಮಾಡಿದೆವು. ಐಡಿಯಾ ಸಿಂಪಲ್. ಹಾಸ್ಟೆಲ್‌ನಲ್ಲಿ ಯಾರಿಗೆ ರಾತ್ರಿ ಊಟ ಬೇಡವೋ ಅವರು ಮಧ್ಯಾಹ್ನದೊಳಗೆ ಮೊಬೈಲ್‌ನಲ್ಲಿ ಒಂದು ಬಟನ್ ಒತ್ತಬೇಕು. ಎಷ್ಟು ಜನಕ್ಕೆ ಅಡುಗೆ ಅಂತ ಮೆಸ್ಸಿನ ಭಟ್ಟರಿಗೆ ಗೊತ್ತಾಗಬೇಕು. ಶುಕ್ರವಾರ ಅರ್ಧ ಹಾಸ್ಟೆಲ್ ಊರಿಗೆ ಹೋದಮೇಲೆ ಬಕೆಟ್‌ಗಟ್ಟಲೆ ಸಾಂಬಾರು ಚರಂಡಿಗೆ ಹೋಗೋದನ್ನ ನೋಡಿ ಹುಟ್ಟಿದ ಐಡಿಯಾ ಇದು.

ಮೊದಲ ರಿವ್ಯೂಗೆ ಒಂದು ಗ್ಯಾಂಟ್ ಚಾರ್ಟ್ ಮಾಡಿದೆವು. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ 1910ರ ದಶಕದಲ್ಲಿ ಜನಪ್ರಿಯಗೊಳಿಸಿದ ಚಿತ್ರ ಅದು: ಎಡಗಡೆ ಕೆಲಸಗಳ ಪಟ್ಟಿ, ಮೇಲೆ ವಾರಗಳು, ನಡುವೆ ಉದ್ದುದ್ದ ಬಣ್ಣದ ಪಟ್ಟೆಗಳು. ನಮ್ಮದು ಎಷ್ಟು ಚೆನ್ನಾಗಿತ್ತು ಅಂದ್ರೆ ಪಕ್ಕದ ಟೀಮಿನವರು ಅದನ್ನೇ ಕಾಪಿ ಹೊಡೆದರು. ಆದರೆ ರಿವ್ಯೂ ಮುಗಿದ ಮೇಲೆ ಆ ಸ್ಲೈಡನ್ನು ನಾವೇ ಇನ್ನೊಂದು ಸಲ ತೆರೆದು ನೋಡಲಿಲ್ಲ.

ಅಕ್ಟೋಬರ್‌ನಲ್ಲಿ ಗೈಡ್ ಮೇಡಂ "ಎಷ್ಟಾಯ್ತ್ರಪ್ಪಾ?" ಅಂದರು. "90 ಪರ್ಸೆಂಟ್ ಆಗಿದೆ ಮೇಡಂ" ಅಂದೆವು. ಮುಂದಿನ ವಾರವೂ 90. ಅದರ ಮುಂದಿನ ವಾರವೂ 90. ಕೊನೆಗೆ ನಾವೇ ಹೆದರಿ, "ಇಬ್ಬರು ಜೂನಿಯರ್ಸ್‌ನ ಸೇರಿಸ್ಕೊಳ್ಳೋಣವಾ ಮೇಡಂ?" ಅಂತ ಕೇಳಿದೆವು.

ಮೇಡಂ ಫ್ರೆಡ್ ಬ್ರೂಕ್ಸ್ ಹೆಸರು ಹೇಳಿದರು. ಐಬಿಎಂನಲ್ಲಿ ದೊಡ್ಡ ಆಪರೇಟಿಂಗ್ ಸಿಸ್ಟಂ ಒಂದರ ಕೆಲಸ ನಡೆಸಿ ಕೈ ಸುಟ್ಟುಕೊಂಡವರು. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತೆ ಅಂತ 1975ರ ಪುಸ್ತಕದಲ್ಲಿ ಬರೆದವರು. ಲೆಕ್ಕ ಸುಲಭ. ನಾಲ್ಕು ಜನರಿದ್ದರೆ ಇಬ್ಬಿಬ್ಬರು ಮಾತಾಡಬೇಕಾದ ಜೋಡಿಗಳು 6. ಆರು ಜನರಾದರೆ 15. ಹೊಸಬರಿಗೆ ಹೇಳಿಕೊಡೋ ಹೊತ್ತು ಬೇರೆ. "ಆ ಚಾರ್ಟ್ ನನಗೋಸ್ಕರ ಮಾಡಿದ್ರಿ. ಈಗ ನಿಮಗೋಸ್ಕರ ಒಂದು ಮಾಡ್ಕೊಳ್ಳಿ" ಅಂದರು.

ರೂಮಿನ ಗೋಡೆ ಮೇಲೆ ಮೂರು ಕಾಲಂ ಮಾಡಿದೆವು: ಮಾಡಬೇಕು, ಮಾಡ್ತಿದೀವಿ, ಮುಗೀತು. ಹಳೇ ರೆಕಾರ್ಡ್ ಬುಕ್ ಹರಿದು ಒಂದು ಕೆಲಸಕ್ಕೆ ಒಂದು ಚೀಟಿ ಅಂಟಿಸಿದೆವು. ಇದು ಕಾನ್‌ಬಾನ್. ಜಪಾನಿ ಭಾಷೆಯಲ್ಲಿ ಫಲಕ ಅಂತ ಅರ್ಥ. ಟೊಯೋಟಾ ಕಾರ್ಖಾನೆಯಿಂದ ಸಾಫ್ಟ್‌ವೇರಿಗೆ ಬಂದದ್ದು. ನಾವು ಇಟ್ಟುಕೊಂಡ ನಿಯಮ ಮೂರೇ. ಒಬ್ಬರ ಕೈಲಿ ಒಂದು ಸಲಕ್ಕೆ ಒಂದೇ ಚೀಟಿ. ಚೀಟಿ ಜರುಗಿಸಿದ ದಿನ ಅದರ ಮೇಲೆ ತಾರೀಖು. ಇನ್ನೊಬ್ಬರು ತಮ್ಮ ಫೋನಿನಲ್ಲಿ ಓಡಿಸಿ ನೋಡುವವರೆಗೂ ಯಾವುದೂ 'ಮುಗೀತು' ಅಲ್ಲ.

ಮೊದಲ ದಿನವೇ 90 ಪರ್ಸೆಂಟ್ ಬಣ್ಣ ಬಯಲಾಯ್ತು. 23 ಚೀಟಿಗಳಲ್ಲಿ ಮುಗಿದಿದ್ದು 9.

ಹತ್ತು ದಿನವಾದರೂ ಒಂದು ಚೀಟಿ ನಡುವಿನ ಕಾಲಂ ಬಿಟ್ಟು ಕದಲಲಿಲ್ಲ: 'ಊಟದ ಲೆಕ್ಕ ಕೂಡಿಸೋದು'. ಅದು ನಮ್ಮಲ್ಲೇ ಕಡಿಮೆ ಮಾತಾಡೋ ಗೆಳೆಯನದು. ನಾವು ಉಳಿದ ಮೂವರು ಕ್ಯಾಂಟೀನಿನಲ್ಲಿ ಅವನ ಬೆನ್ನ ಹಿಂದೆ ಏನೇನು ಮಾತಾಡಿದ್ದೆವೋ ಇಲ್ಲಿ ಬರೆಯೋಕೆ ನಾಚಿಕೆ. ಅವನ ಹೆಸರು ತೆಗೆಸೋ ಮಾತೂ ಬಂದಿತ್ತು. ಅವತ್ತು ರಾತ್ರಿ ಗೋಡೆ ಮುಂದೆ ನಿಂತಾಗ ಯಾರೂ ಏನೂ ಕೇಳಲಿಲ್ಲ. ಅವನೇ ಚೀಟಿ ತೋರಿಸಿ, "ಮಗಾ, ಇದು ನನ್ ಕೈಲಿ ಆಗ್ತಿಲ್ಲ. ಒಂದು ತಿಂಗಳಿಂದ ಹೇಳೋಕೆ ಭಯ ಆಗ್ತಿತ್ತು" ಅಂದ.

ತೊಂದರೆ ಇಷ್ಟೇ: ನೆಟ್‌ವರ್ಕ್ ಸರಿಯಿಲ್ಲದಾಗ ಜನ ಬಟನ್ ಎರಡೆರಡು ಸಲ ಒತ್ತುತ್ತಾರೆ, ಸರ್ವರ್ ಇಬ್ಬರು ಅಂತ ಲೆಕ್ಕ ಹಾಕುತ್ತೆ. ನಾಲ್ವರೂ ಕೂತೆವು. ವಿದ್ಯಾರ್ಥಿಯ ನಂಬರ್ ಮತ್ತು ತಾರೀಖು ಸೇರಿ ಒಂದೇ ಕೀ. ಎಷ್ಟು ಸಲ ಒತ್ತಿದರೂ ಒಂದೇ ಸಾಲು. ಬೆಳಗಿನ ಜಾವ ಎರಡಕ್ಕೆ ಚೀಟಿ ಜರುಗಿತು. ನಮ್ಮಲ್ಲಿದ್ದ ಜೋಡಿ 6, ಒಂದರಲ್ಲೂ ನಿಜದ ಮಾತು ನಡೆದಿರಲಿಲ್ಲ.

ಇಷ್ಟಾದ ಮೇಲೂ ಮತ್ತೆ ಅದೇ ತಪ್ಪು ಮಾಡಿದೆವು. ಭಟ್ಟರಿಗಾಗಿ ಮಾಡಿದ ಸ್ಕ್ರೀನಿನಲ್ಲಿ ಮೂರು ಬಣ್ಣದ ಪೈ ಚಾರ್ಟ್, ಮಹಡಿವಾರು ಗ್ರಾಫ್ ಎಲ್ಲ ಇತ್ತು. ಅವರು ಟವೆಲ್‌ನಲ್ಲಿ ಕೈ ಒರೆಸಿಕೊಂಡು ನೋಡಿದರು. "ಚೆನ್ನಾಗಿದೆ ಕಣ್ರಪ್ಪಾ. ಅಕ್ಕಿ ಎಷ್ಟು ಜನಕ್ಕೆ ಹಾಕ್ಲಿ?" ಅಂದರು. ಆ ಉತ್ತರವೊಂದೇ ಅದರಲ್ಲಿರಲಿಲ್ಲ.

ಹ್ಯಾರಿ ಬೆಕ್ ನೆನಪಾದರು. 1933ರಲ್ಲಿ ಅಚ್ಚಾದ ಲಂಡನ್ ಅಂಡರ್‌ಗ್ರೌಂಡ್ ನಕ್ಷೆ ಬರೆದವರು. ನಿಲ್ದಾಣಗಳ ನಡುವಿನ ನಿಜವಾದ ದೂರವನ್ನೇ ಕೈಬಿಟ್ಟು ನೇರ, ಅಡ್ಡ, ಓರೆ ಗೆರೆ ಮಾತ್ರ ಎಳೆದರು. ಪ್ರಯಾಣಿಕನಿಗೆ ಬೇಕಾದ್ದು ಎಲ್ಲಿ ಹತ್ತಬೇಕು, ಎಲ್ಲಿ ಬದಲಾಯಿಸಬೇಕು ಅನ್ನೋದಷ್ಟೇ. ನಾವೂ ಪೈ ಚಾರ್ಟ್ ಕಿತ್ತೆವು. ಕಪ್ಪು ಹಿನ್ನೆಲೆಯಲ್ಲಿ ಒಂದೇ ದೊಡ್ಡ ಬಿಳಿ ಅಂಕಿ, ಕೆಳಗೆ ಅದು ಎಷ್ಟು ಗಂಟೆಯ ಲೆಕ್ಕ ಅನ್ನೋದು. ಒಲೆ ಹತ್ತಿರ ನಿಂತು, ಹಬೆಯ ನಡುವೆಯೂ ಭಟ್ಟರು ಓದಿದರು.

ಪ್ರಾಜೆಕ್ಟ್ ಡಿಸೆಂಬರ್‌ಗೆ ಮುಗೀತು. ಐದು ಚೀಟಿಗಳನ್ನು ಬೇಡ ಅಂತ ಕಿತ್ತು ಹಾಕಿದ್ದೆವು. ಅದನ್ನೂ ಮೇಡಂಗೆ ಮೊದಲೇ ಹೇಳಿದ್ದೆವು. ಗೋಡೆಯ ಪೇಂಟ್ ಟೇಪಿನ ಜೊತೆ ಎದ್ದು ಬಂದಿದ್ದಕ್ಕೆ ವಾರ್ಡನ್ ಹತ್ತಿರ ಬೈಸಿಕೊಂಡೆವು.

ಈ ವರ್ಷ ಪ್ರಾಜೆಕ್ಟ್ ಮಾಡೋ ಗೆಳೆಯರೇ, ಚಾರ್ಟ್ ಬರೆಯೋ ಮುಂಚೆ ಅದನ್ನ ಯಾರು ನೋಡ್ತಾರೆ, ಏನು ಕೇಳ್ತಾರೆ ಅಂತ ಯೋಚಿಸಿ. ಟೀಮಿನಲ್ಲಿ ಯಾರಾದರೂ ಸುಮ್ಮನಾಗಿದ್ದರೆ ಕ್ಯಾಂಟೀನಿಗೆ ಅವರನ್ನೂ ಕರ್ಕೊಂಡು ಹೋಗಿ.