ಗಂಟು ಎಲ್ಲಿದೆ ಎಂಬ ಪ್ರಶ್ನೆ

ಇಂಡಿ: ಬಡಿಗರ ಅಂಗಳದಲ್ಲಿ ಜಾಲಿಯ ದಿಮ್ಮಿ. ಗಂಟಿಗೆ ತಾಗಿದರೆ ಉಳಿಯ ಬಾಯಿ ಹೋಗುತ್ತದೆ; ಸುತ್ತಲಿನ ಮರಕ್ಕಿಂತ ಅದು ಗಟ್ಟಿ. ಹಾಗಿದ್ದೂ ಪಕ್ಕದಲ್ಲಿ ಬಿದ್ದಿರುವ ಹಳೆಯ ತೊಲೆ ಮುರಿದಿರುವುದು ಗಂಟಿನ ಬಳಿಯೇ! ಗಂಟೆಂದರೆ ಕಾಂಡದೊಳಗೆ ಹುದುಗಿದ ಕೊಂಬೆಯ ಬುಡ. ಅದರ ನಾರು ತೊಲೆಗೆ ಅಡ್ಡ. ಕಾಂಡದ ನಾರು ಅದನ್ನು ಬಳಸಿ ಡೊಂಕಾಗುತ್ತದೆ. ನಾರಿನುದ್ದಕ್ಕೆ ಜಗ್ಗಿದರೆ ತಾಳುವ ಮರ, ಅಡ್ಡ ಜಗ್ಗಿದರೆ ಸುಲಭವಾಗಿ ಸೀಳುತ್ತದೆ.

ಸಿಂದಗಿ: ಎತ್ತುಗಳ ಹಿಣಿಲು ನೊಗದ ಎರಡು ತುದಿಗಳನ್ನು ಮುಂದಕ್ಕೆ ತಳ್ಳುತ್ತದೆ, ಈಸು ನಡುವನ್ನು ಹಿಂದಕ್ಕೆ ಜಗ್ಗುತ್ತದೆ. ಜಗ್ಗಾಟ ಹೆಚ್ಚು ಬೀಳುವುದು ನಡುವಿನ ಹಿಂಬದಿಗೆ. ತುದಿಯ ಗಂಟಿಗೆ ಯಾರೂ ಅಂಜುವುದಿಲ್ಲ.

ಮುದ್ದೇಬಿಹಾಳ: ಮಣ್ಣಿನ ಮಾಳಿಗೆ ಮನೆ. ಕಂಬದಲ್ಲಿ ಗಂಟು, ತೊಲೆಯಲ್ಲೂ ಗಂಟು.
"ಕಾಕಾ, ಇಂಥಾ ತೊಲಿ ಯಾಕ ಹಾಕಿದ್ರಿ?"
"ಗಂಟಿಲ್ಲದ ಜಾಲಿ ಎಲ್ಲೈತ್ರಿ? ಗಂಟು ಮ್ಯಾಲ ಮಾಡಿ ಇಟ್ಟೀನಲ್ಲ!"
ಮೇಲೆ ಮಾಡಿದರೆ ಏನಾಯಿತು? ಭಾರ ಬಿದ್ದಾಗ ತೊಲೆಯ ಮೇಲ್ಮೈ ಅದುಮಿಕೊಳ್ಳುತ್ತದೆ, ತಳ ಹಿಗ್ಗುತ್ತದೆ. ಬಿಗಿಯಾಗಿ ಕೂಡಿಕೊಂಡ ಗಂಟು ಅದುಮಿದರೆ ತಾಳುತ್ತದೆ; ಕಂಬದ ಗಂಟಿನ ಕಥೆಯೂ ಬಹುಮಟ್ಟಿಗೆ ಇದೇ. ಒಣ ಕೊಂಬೆಯ ಸತ್ತ ಗಂಟು ಮಾತ್ರ ಸಡಿಲಾಗಿ ಉದುರಿ, ತೂತು ಬಿಡುತ್ತದೆ.
ಅಂಕಣಗಳು ಕಿರಿದು. ಜಾಲಿ ತಗ್ಗಿನಲ್ಲೇ ಕವಲೊಡೆಯುವ ಮರ, ಉದ್ದದ ತೊಲೆ ಸಿಗದು. ಇದರಿಂದ ಲಾಭವೂ ಉಂಟು: ಅಂಕಣ ಅರ್ಧವಾದರೆ, ಮೇಲೆ ಅಷ್ಟೇ ದಪ್ಪ ಮಣ್ಣಿದ್ದರೂ, ತೊಲೆಯನ್ನು ಬಾಗಿಸುವ ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ.

ಬಸವನ ಬಾಗೇವಾಡಿ: ಕಾಗದದ ಮೇಲೆ ಲೆಕ್ಕ ಹಾಕಿದೆ. ತೊಲೆಯ ಎತ್ತರ 12 ಅಂಗುಲ, ಗಂಟು 3 ಅಂಗುಲ. ಗಂಟನ್ನು ಆರುಪಾರು ತೂತೆಂದೇ ಎಣಿಸಿದೆ. ಎತ್ತರದ ನಟ್ಟನಡುವೆ ಇದ್ದರೆ ಬಾಗುವುದನ್ನು ತಡೆಯುವ ಬಲದಲ್ಲಿ ನಷ್ಟ ಶೇ 2ಕ್ಕಿಂತ ಕಡಿಮೆ. ಅದೇ ಗಂಟು ತಳದ ಅಂಚಿಗೆ ಬಂದರೆ ಶೇ 44! ಡೊಂಕು ನಾರಿನ ನಷ್ಟ ಇದರ ಮೇಲೆ. ಗೋಡೆಯ ಹತ್ತಿರದ ಗಂಟು ಕ್ಷೇಮ, ಅಲ್ಲಿ ಬಾಗಿಸುವ ಒತ್ತಡವೇ ಕಡಿಮೆ.

ಬಿಡಿಸಬೇಕಾದ ಇನ್ನೊಂದು ಒಗಟು: ಕೆಟ್ಟ ಗಂಟಿನ ತೊಲೆಯೂ ಒಳ್ಳೆಯದರಷ್ಟೇ ನೆಟ್ಟಗೆ ಕಾಣುವುದೇಕೆ? ತೊಲೆ ಎಷ್ಟು ಬಾಗಬೇಕೆಂಬುದನ್ನು ಇಡೀ ಉದ್ದದ ಮರ ಸೇರಿ ತೀರ್ಮಾನಿಸುತ್ತದೆ. ಎಲ್ಲಿ ಮುರಿಯಬೇಕೆಂಬುದನ್ನು ಒಂದೇ ಒಂದು ಜಾಗ. ಹೀಗಾಗಿ ಬಾಗು ನೋಡಿ ಬಲ ಹೇಳಲಾಗದು. ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹೊರಿಸುವವರು ಸೋರುವ ಜಾಗವನ್ನು ಮೇಲಿನಿಂದ ಹುಡುಕುತ್ತಾರೆ. ಒಳಗೆ ಬಂದು ತೊಲೆಯ ತಳವನ್ನೊಮ್ಮೆ, ಅದರಲ್ಲೂ ನಡುಭಾಗವನ್ನು, ಕತ್ತೆತ್ತಿ ನೋಡುವವರು ಎಷ್ಟು ಮಂದಿ?